ಯಾರು, ಏನು, ಯಾಕೆ

ಮಂಗಳೂರು
೧೧ ಜನವರಿ ೧೯೩೧

ಉರ್ಸುಲಾ ಅವರಿಗೆ,

ಹೆಸರಿಗೆ ‘ಬಾಯಿ’ ಎಂಬ ಗೌರವದ ಮಾತು ಸೇರಿಸಲಿಲ್ಲ, ಗಮನಿಸಿ. ನನ್ನ ಅಪ್ಪ ನೋಣಯ್ಯ ನಲವತ್ತು ವರ್ಷ ನಿಮ್ಮವರ, ಕ್ರೈಸ್ತ ಒಡೆಯರ, ತೆಂಗಿನ ಮರಗಳನ್ನು ಹತ್ತಿ ಕಳ್ಳು ಇಳಿಸಿದ. ಬುಡದಲ್ಲಿ ನಿಂತವರನ್ನು ‘ಪೊರ್ಬುಗಳೇ, ಬಾಯಿಯವರೇ’ ಎಂದು ಮರದ ತುದಿಯಿಂದ ಕರೆಯುತ್ತಿದ್ದ. ಮೇಲಿದ್ದವನು ಅವನು. ಆದರೂ ಮರ್ಯಾದೆ ಕೆಳಕ್ಕೇ ಇಳಿಯುತ್ತಿತ್ತು, ಕಳ್ಳಿನ ಹಾಗೆ. ನಾನು ಆ ಮಾತನ್ನು ಬಿಟ್ಟಿದ್ದೇನೆ.

ನೀವು ಮಡಿಕೇರಿಯ ಶಾಲೆಗೆ ಟೀಚರಾಗಿ ಹೋಗಿ ಮೂರು ತಿಂಗಳಾಯಿತು. ನಮ್ಮ ವಾಚನಾಲಯದ ಮೊದಲ ಹೆಂಗಸು ಸದಸ್ಯೆ ನೀವು. ಈಗಲೂ ಒಬ್ಬಳೇ. ಊರು ಬಿಟ್ಟ ಸದಸ್ಯರು ತಾವು ಓದುತ್ತಿರುವುದನ್ನು ತಿಂಗಳಿಗೊಮ್ಮೆ ಬರೆದು ತಿಳಿಸಬೇಕು ಎಂಬ ನಿಯಮ ಉಂಟು. ನಿಮ್ಮ ಹೆಸರಿನ ಮುಂದೆ ಮೂರು ತಿಂಗಳಿಂದ ಖಾಲಿ.

ಸದಸ್ಯರ ಓದನ್ನು ಬರೆಯುವ ಹಲಗೆ ಈಗ ವಾಚನಾಲಯದ ಮಾಳಿಗೆಯಲ್ಲಿಲ್ಲ. ಕೆಳಗೆ, ನೂರ್ ಮುಹಮ್ಮದ್ ಬ್ಯಾರಿಗಳ ಸೋಡಾ ಅಂಗಡಿಯ ಪಕ್ಕದ ಗೋಡೆಗೆ ತೂಗುಹಾಕಿದ್ದೇವೆ. ಹಂಪನಕಟ್ಟೆಯಲ್ಲಿ ನಡೆಯುವವರಿಗೆಲ್ಲ ಕಾಣುತ್ತದೆ. ಮೂರು ಕಲಮು: ಯಾರು, ಏನು, ಯಾಕೆ. ಪ್ರತಿ ಭಾನುವಾರ ಬೆಳಿಗ್ಗೆ ಒರೆಸಿ ಹೊಸದಾಗಿ ಬರೆಯುವುದು ನನ್ನ ಕೆಲಸ. ಪೂಜೆ ಮುಗಿಸಿ ಇಗರ್ಜಿಯಿಂದ ಬರುವ ನಿಮ್ಮವರು ಶುಂಠಿ ಸೋಡಾ ಕುಡಿಯುತ್ತ ಅದನ್ನು ಓದುತ್ತಾರೆ, ಮುಖ ಹುಳಿ ಮಾಡಿಕೊಳ್ಳುತ್ತಾರೆ. ನನಗೆ ಅದೇ ಹಬ್ಬ.

ಏನು ಓದುತ್ತಿದ್ದೀರಿ? ಯಾಕೆ?

ಬೋಜ


ಮಡಿಕೇರಿ
೧೯ ಜನವರಿ ೧೯೩೧

ಬೋಜರಿಗೆ,

ನಿಮ್ಮ ಪತ್ರ ಸಿಕ್ಕಿತು. ನಾನು ಕನ್ಯಾಸ್ತ್ರೀಯರ ಮಠದಲ್ಲಿ ಇಲ್ಲ. ಖತೀಜಮ್ಮ ಎಂಬವರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಆದ್ದರಿಂದ ಪತ್ರಗಳನ್ನು ಬೇರೆ ಯಾರೂ ಒಡೆಯುವುದಿಲ್ಲ.

ಹಲಗೆಗೆ ಬರೆದುಕೊಳ್ಳಿ. ಯಾರು: ಉರ್ಸುಲಾ. ಏನು: ಮೂರನೇ ಕ್ಲಾಸಿನ ಪಾಠಪುಸ್ತಕ, ಕಸೂತಿಯ ಕೈಪಿಡಿ, ಒಬ್ಬ ಸಂತಳ ಚರಿತ್ರೆ. ಯಾಕೆ: ಮೂವತ್ತೆಂಟು ಹುಡುಗಿಯರಿಗೆ ನಾಳೆ ಪಾಠ ಮಾಡಬೇಕು.

ಇದು ಸಾಕೇ? ನಿಮ್ಮ ಪ್ರೆಸ್ಸಿಗೆ ನಾನು ಪ್ರಾರ್ಥನೆ ಪುಸ್ತಕದ ಪ್ರೂಫ್ ತಿದ್ದಲು ಬರುತ್ತಿದ್ದಾಗ ನೀವು ನಿಂತುಕೊಂಡೇ ಕರಪತ್ರ ಓದುತ್ತಿದ್ದಿರಿ, ಯಜಮಾನ ಲೋಕನಾಥರು ಬಂದರೆ ಅದನ್ನು ಅಚ್ಚುಮೊಳೆಗಳ ಪೆಟ್ಟಿಗೆಯ ಕೆಳಗೆ ತುರುಕುತ್ತಿದ್ದಿರಿ. ಈಗಲೂ ಹಾಗೆಯೇ? ಅದನ್ನು ಯಾವ ಕಲಮಿನಲ್ಲಿ ಬರೆಯುತ್ತೀರಿ?

ಉರ್ಸುಲಾ


ಮಂಗಳೂರು
೨೯ ಜನವರಿ ೧೯೩೧

ಉರ್ಸುಲಾ ಅವರಿಗೆ,

ಬರೆದೆ. ಎಲ್ಲರೂ ನಕ್ಕರು. ‘ಟೀಚರ್ ಸ್ವರ್ಗಕ್ಕೆ ಕಸೂತಿ ಹಾಕ್ತಿದ್ದಾಳೆ’ ಎಂದ ಒಬ್ಬ. ನಾನೂ ನಕ್ಕೆ. ಇಪ್ಪತ್ತೈದು ವರ್ಷದ ಹೆಂಗಸು, ಇಂಗ್ಲಿಷ್ ಬಲ್ಲವಳು, ದೇಶ ಹೊತ್ತಿ ಉರಿಯುವಾಗ ಸಂತಳ ಚರಿತ್ರೆ ಓದುತ್ತಾಳೆ! ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೊಳೆ ಜೋಡಿಸುತ್ತ ಜೋಡಿಸುತ್ತ, ತಲೆಕೆಳಗಾದ ಅಕ್ಷರಗಳಲ್ಲೇ ಓದು ಕಲಿತವನು. ನನ್ನ ಬೆರಳಿಗೆ ಬಂದ ಪ್ರತಿ ಸಾಲನ್ನೂ ಓದಿದ್ದೇನೆ, ವಕೀಲರ ನೋಟಿಸು, ಔಷಧಿಯ ಜಾಹೀರಾತು ಕೂಡ. ಬಿಟ್ಟದ್ದು ಒಂದೇ. ನಿಮ್ಮವರ ಪ್ರೆಸ್ಸಿಗೆ ಕೆಲಸ ಹೆಚ್ಚಾದಾಗ ಇಗರ್ಜಿಯ ಕಾರ್ಡುಗಳು ನಮ್ಮಲ್ಲಿಗೆ ಬರುತ್ತವೆ. ಅವನ್ನು ಬೆರಳಿನಿಂದ ಜೋಡಿಸುತ್ತೇನೆ, ಕಣ್ಣಿನಿಂದ ಅಲ್ಲ. ಅವಕ್ಕೆ ನನ್ನ ಕಣ್ಣು ಕೊಡುವುದಿಲ್ಲ ಎಂದು ಶಪಥ ಮಾಡಿದ್ದೇನೆ.

ಇನ್ನೊಂದು ಮಾತು. ಲಕೋಟೆ ಯಾಕೆ? ಮುಚ್ಚಿಡಲು ಏನೂ ಇಲ್ಲದವರು ಕಾರ್ಡಿನಲ್ಲಿ ಬರೆಯುತ್ತಾರೆ. ಓದನ್ನು ಬಚ್ಚಿಡುವುದು ಅನ್ನವನ್ನು ಬಚ್ಚಿಟ್ಟ ಹಾಗೆ. ಪಕ್ಕದವನು ಹಸಿದಿರುತ್ತಾನೆ.

ನಿಜವಾಗಿ ಏನು ಓದುತ್ತೀರಿ?

ಬೋಜ


ಮಡಿಕೇರಿ
೧೨ ಫೆಬ್ರವರಿ ೧೯೩೧

ಬೋಜರಿಗೆ,

ನಕ್ಕವರ ಪೈಕಿ ಎಷ್ಟು ಮಂದಿಗೆ ಕಸೂತಿ ಬರುತ್ತದೆ, ವಿಚಾರಿಸಿ. ಆ ಮೂವತ್ತೆಂಟು ಹುಡುಗಿಯರಲ್ಲಿ ಹನ್ನೆರಡು ಮಂದಿ ಮುಂದೆ ಸೂಜಿಯಿಂದಲೇ ಉಣ್ಣುವವರು.

ಕಾರ್ಡಿನಲ್ಲಿ ಬರೆಯಲಾರೆ. ನಿಮಗೆ ಒಂದೇ ತಲೆ, ಒಂದೇ ಹೊಟ್ಟೆ. ನನ್ನ ಮಾತಿಗೆ ಹಿಂದೆ ಒಂದು ಮನೆಯೇ ಉಂಟು. ಫಳ್ನೀರಿನಲ್ಲಿ ನನ್ನ ಅಕ್ಕ ರೊಸಾಲಿನ್, ಭಾವ ವಿಲ್ಲಿ ತಾವ್ರೊ, ಅವರ ಆರು ಮಕ್ಕಳು. ಅಮ್ಮನೂ ಅವರ ಜೊತೆಗೇ ಇರುವುದು. ಕಳೆದ ಸೆಪ್ಟೆಂಬರಿನಲ್ಲಿ ಆರನೆಯದು ಹುಟ್ಟಿದಾಗ ರೊಸಾಲಿನ್ ಎರಡು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದಳು. ಲೇಡಿ ಡಾಕ್ಟರು ಭಾವನನ್ನು ಹೊರಗೆ ಕರೆದು, ‘ಇನ್ನೊಂದು ಹೆರಿಗೆಯಾದರೆ ಇವಳು ಉಳಿಯುವುದಿಲ್ಲ’ ಎಂದು ಹೇಳಿದರು. ಭಾವ ಮನೆಗೆ ಬಂದು, ‘ದೇವರು ಕೊಟ್ಟದ್ದನ್ನು ಬೇಡ ಅನ್ನಲಿಕ್ಕೆ ನಾನು ಯಾರು?’ ಎಂದರು. ಕೆಟ್ಟ ಮನುಷ್ಯನಲ್ಲ. ಊರು ಏನು ಹೇಳುತ್ತದೆ ಎಂದು ನೋಡಿ ಉಸಿರಾಡುವ ಮನುಷ್ಯ.

ಇದನ್ನೆಲ್ಲ ನಿಮಗೆ ಯಾಕೆ ಬರೆದೆನೋ. ಇಲ್ಲಿ ಹೀಗೆ ಜಗಳವಾಡಲು ಯಾರೂ ಇಲ್ಲ.

ನೀವೂ ನಿಜ ಹೇಳಿ. ಹಲಗೆಯಲ್ಲಿ ಅಲ್ಲ, ನನಗೆ. ಏನು ಓದುತ್ತಿದ್ದೀರಿ?

ಉರ್ಸುಲಾ


ಮಂಗಳೂರು
೨೨ ಫೆಬ್ರವರಿ ೧೯೩೧

ಉರ್ಸುಲಾ,

ಕೇಳಿದ್ದೀರಿ, ಹೇಳುತ್ತೇನೆ. ಮೂರು ವಾರದಿಂದ ನನ್ನ ಹೆಸರಿನ ಮುಂದೆ ‘ಕಾರ್ಮಿಕರ ಇತಿಹಾಸ, ಎರಡನೇ ಸಂಪುಟ’ ಎಂದು ಬರೆಯುತ್ತಿದ್ದೇನೆ. ಹದಿನಾರನೇ ಪುಟ ದಾಟಿಲ್ಲ. ಓದುತ್ತಿರುವುದು ‘ಕೆಂಪು ಕೊಡೆಯ ಕೊಲೆ’ ಎಂಬ ಪತ್ತೇದಾರಿ. ಬಟ್ಟೆ ಒಗೆಯುವಾಗ ಸಹ ಅದರ ಯೋಚನೆ. ಕೊಂದವನು ಛತ್ರಿ ರಿಪೇರಿಯವನೇ ಎಂದು ನನ್ನ ಊಹೆ. ಒಂದು ಭಾನುವಾರ ಅದೇ ಪುಸ್ತಕ ಓದಿದ ಒಬ್ಬ ಸದಸ್ಯನನ್ನು ಹಲಗೆಯ ಎದುರೇ ನಿಲ್ಲಿಸಿ ಬಯ್ದವನು ನಾನು. ಅವನು ವಾಪಸು ಕೊಟ್ಟ ಪ್ರತಿಯನ್ನೇ ಮನೆಗೆ ತಂದೆ.

ಯಾರಿಗೂ ಹೇಳಬೇಡಿ. ನೂರ್ ಮುಹಮ್ಮದ್ ಬ್ಯಾರಿಗಳಿಗೆ ಗೊತ್ತಾದರೆ ಸೋಡಾದ ಗೋಲಿ ಒಳಕ್ಕೆ ಬೀಳುವಂತೆ ನಗುತ್ತಾರೆ.

ಈಗ ನಿಮ್ಮ ಸರದಿ.

ಬೋಜ


ಮಡಿಕೇರಿ
೧೦ ಮಾರ್ಚ್ ೧೯೩೧

ಬೋಜ,

ನಿಮ್ಮ ಪತ್ರ ಓದಿ ನಕ್ಕದ್ದಕ್ಕೆ ಖತೀಜಮ್ಮ ಬಾಗಿಲಿಗೆ ಬಂದು, ‘ಎಂತ ಟೀಚರಮ್ಮ, ಮದುವೆ ಕಾಗದವಾ?’ ಎಂದು ಕೇಳಿದರು. ‘ಅಲ್ಲ, ಕೊಲೆ ಕಾಗದ’ ಎಂದೆ. ನಿಮ್ಮ ಗುಟ್ಟು ನನ್ನಲ್ಲಿ ಭದ್ರ.

ನನ್ನದು ನಗುವ ಗುಟ್ಟಲ್ಲ.

ಇಲ್ಲಿನ ಡಾಕ್ಟರರ ಹೆಂಡತಿ ನನಗೊಂದು ಇಂಗ್ಲಿಷ್ ಕರಪತ್ರ ಕೊಟ್ಟಿದ್ದಾರೆ. ಮದರಾಸಿನಲ್ಲಿ ಅಚ್ಚಾದದ್ದು, ಮೂವತ್ತು ಪುಟ. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ತಾಯಂದಿರಿಗೆ ಬಿಡುವು’. ಹೆಂಗಸು ಬಸಿರಾಗದೆ ಇರುವ ಉಪಾಯಗಳು ಅದರಲ್ಲಿವೆ, ಚಿತ್ರ ಸಮೇತ. ರೊಸಾಲಿನ್‌ಗೆ ಇಂಗ್ಲಿಷ್ ಬಾರದು. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ ಓದುತ್ತಾಳೆ. ದಿನಕ್ಕೆ ಎರಡು ಪುಟದಂತೆ ಕೊಂಕಣಿಯಲ್ಲಿ ಒಂದು ನೋಟುಬುಕ್ಕಿಗೆ ಇಳಿಸುತ್ತಿದ್ದೇನೆ. ಹದಿನೆಂಟು ಪುಟ ಮುಗಿಸಿ ಕಳಿಸಿದೆ. ಅವಳು ಅದನ್ನು ಅಕ್ಕಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ‘ಮಕ್ಕಳು ಮಲಗಿದ ಮೇಲೆ ಒಲೆಯ ಬೆಳಕಿನಲ್ಲಿ ಓದುತ್ತೇನೆ’ ಎಂದು ಬರೆದಿದ್ದಾಳೆ. ಮದುವೆಯಾದ ಮೇಲೆ ಅವಳು ಓದುತ್ತಿರುವ ಮೊದಲ ಪುಸ್ತಕ ಇದು. ನನ್ನ ಅಕ್ಷರದಲ್ಲಿ.

ಇದು ಹೊರಬಿದ್ದರೆ ನನ್ನ ಕೆಲಸ ಹೋಗುತ್ತದೆ, ಹೋಗಲಿ. ರೊಸಾಲಿನ್‌ನ ಜೀವ ಹೋಗುತ್ತದೆ. ಆದ್ದರಿಂದ, ಬೋಜ, ಹಲಗೆಗೆ ಇದು ಬೇಡ. ನನ್ನ ಹೆಸರಿನ ಮುಂದೆ ಕಸೂತಿಯ ಕೈಪಿಡಿಯೇ ಇರಲಿ. ನಗುವವರು ನಗಲಿ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ. ಬಾಯಿ ಎಂದು ಕರೆಸಿಕೊಳ್ಳುವ ಮನೆಯವಳು ಇದನ್ನು ಬರೆಯುತ್ತಿದ್ದೇನೆ, ತಮಾಷೆಗಲ್ಲ.

ಉರ್ಸುಲಾ


ಮಂಗಳೂರು
೨೨ ಮಾರ್ಚ್ ೧೯೩೧, ಭಾನುವಾರ

ಉರ್ಸುಲಾ,

ಕೈಯಲ್ಲಿ ಇನ್ನೂ ಸೀಮೆಸುಣ್ಣದ ಪುಡಿ ಇದೆ. ಅದರಲ್ಲೇ ಬರೆಯುತ್ತಿದ್ದೇನೆ.

ಎಂಟು ದಿನ ನಿಮ್ಮ ಪತ್ರವನ್ನು ಜೇಬಿನಲ್ಲಿಟ್ಟು ತಿರುಗಿದೆ. ನನ್ನ ತಾಯಿ ಒಂಬತ್ತನೆಯ ಹೆರಿಗೆಯಲ್ಲಿ ಸತ್ತಳು. ನಾನು ಎಂಟನೆಯವನು. ನಮ್ಮ ಕೇರಿಯಲ್ಲಿ ಈ ವರ್ಷವೇ ಇಬ್ಬರು ಹಾಗೆ ಸತ್ತರು. ಯಾರಿಗೂ ಯಾವ ಪುಸ್ತಕವೂ ಗೊತ್ತಿಲ್ಲ. ಗೊತ್ತಿದ್ದ ಒಬ್ಬಳು ಅಕ್ಕಿ ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾಳೆ! ಇದು ಅಕ್ಕನ ಮೇಲಿನ ಪ್ರೀತಿ, ಲೋಕದ ಮೇಲಿನದಲ್ಲ. ಸಣ್ಣ ಪ್ರೀತಿ.

ಈ ಬೆಳಿಗ್ಗೆ ಹಲಗೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ. ಯಾರು: ಉರ್ಸುಲಾ, ಮಡಿಕೇರಿ. ಏನು: ತಾಯಂದಿರಿಗೆ ಬಿಡುವು, ಸಂತಾನ ಮಿತಿಯ ವಿಚಾರ. ಯಾಕೆ: ಆರು ಹೆತ್ತ ತನ್ನ ಅಕ್ಕನ ಜೀವ ಉಳಿಸಲು ಕೊಂಕಣಿಗೆ ಬರೆಯುತ್ತಿದ್ದಾಳೆ.

ಇಗರ್ಜಿ ಬಿಟ್ಟಿತು. ಅಂತಹ ಜನ ನಾನು ನೋಡಿದ್ದಿಲ್ಲ. ಕೈಗಡಿಯಾರದವರು, ಕೋಟಿನವರು, ಸೀರೆಯ ಸೆರಗು ಬಾಯಿಗೆ ಹಿಡಿದವರು. ಒಬ್ಬ ದಪ್ಪ ಮನುಷ್ಯ ಸೋಡಾ ಕುಡಿಯುತ್ತಿದ್ದ. ಪಕ್ಕದವನು ಅವನ ಭುಜ ತಟ್ಟಿ, ‘ಎಂತ ವಿಲ್ಲಿ, ನಿನ್ನ ಕಾರ್ಖಾನೆಗೆ ನಾದಿನಿ ಬೀಗ ಕಳಿಸಿದ್ದಾಳಂತಲ್ಲ?’ ಎಂದ. ಇನ್ನೊಬ್ಬ, ‘ಆರಕ್ಕೇ ಸುಸ್ತಾ ಮಾರಾಯ?’ ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಿಮ್ಮ ಭಾವನ ಗುರುತು ನನಗೆ ಆಗಲೇ ಆದದ್ದು. ಅರ್ಧ ಸೋಡಾ ಅಲ್ಲೇ ಇಟ್ಟು ಹೋದರು. ಮುಖ ನೋಡಬೇಕಿತ್ತು.

ನೂರ್ ಮುಹಮ್ಮದ್ ಬ್ಯಾರಿಗಳು ಓಡಿ ಬಂದು, ‘ಬೋಜ, ಒರೆಸು ಅದನ್ನು. ಹೆಂಗಸರ ಒಳಗಿನ ವಿಷಯ, ಬೀದಿಯಲ್ಲಿ ಬೇಡ. ಆ ಟೀಚರ್ ಒಪ್ಪಿದ್ದಾಳಾ?’ ಎಂದು ಕೇಳಿದರು.

‘ಒಪ್ಪಿದ್ದಾಳೆ, ಅವಳೇ ಬರೆಯಲು ಹೇಳಿದ್ದು’ ಎಂದೆ.

ನಿಮ್ಮ ಭಯ ಒಪ್ಪಿಲ್ಲ, ನೀವು ಒಪ್ಪಿದ್ದೀರಿ. ನನಗೆ ನಿಮ್ಮ ಮೇಲೆ ಅಷ್ಟು ನಂಬಿಕೆ ಉಂಟು. ಇವತ್ತಿನಿಂದ ನೀವು ಕಸೂತಿ ಟೀಚರಲ್ಲ.

ಬೋಜ


ಮಡಿಕೇರಿ
೩೧ ಮಾರ್ಚ್ ೧೯೩೧

ಬೋಜ,

ನಿಮ್ಮ ಪತ್ರ ಬರುವುದಕ್ಕೆ ಒಂದು ದಿನ ಮೊದಲೇ ನಿಮ್ಮ ಹಲಗೆ ಇಲ್ಲಿಗೆ ತಲುಪಿತು. ಮದರ್ ಸುಪೀರಿಯರ್ ಕೋಣೆಗೆ ಕರೆದರು. ಕುಳಿತುಕೋ ಎಂದು ಹೇಳಲಿಲ್ಲ. ಹುಡುಗಿಯರಿಗೆ ಗುಡ್‌ಬೈ ಹೇಳಬಾರದು ಎಂದಷ್ಟೇ ಹೇಳಿದರು.

ನೀವು ಸರಿಯಾಗಿ ಹೇಳಿದ್ದೀರಿ. ನಾನು ಈಗ ಕಸೂತಿ ಟೀಚರಲ್ಲ.

ರೊಸಾಲಿನ್‌ನಿಂದ ಕಾಗದವಿಲ್ಲ. ಯಾರನ್ನಾದರೂ ಕೇಳಿ ತಿಳಿಸಿ. ಫಳ್ನೀರು ನಿಮ್ಮ ಪ್ರೆಸ್ಸಿನಿಂದ ಹದಿನೈದು ನಿಮಿಷದ ದಾರಿ.

ಉರ್ಸುಲಾ


ಮಂಗಳೂರು
೮ ಏಪ್ರಿಲ್ ೧೯೩೧

ಉರ್ಸುಲಾ,

ಅಭಿನಂದನೆ. ನಿಜಕ್ಕೂ. ಸಂಕಲೆ ಬಿದ್ದಾಗ ಸದ್ದಾಗುತ್ತದೆ, ಅದಕ್ಕೆ ಹೆದರಬೇಡಿ. ನಮ್ಮ ಸಭೆಯಲ್ಲಿ ನಿಮ್ಮ ಹೆಸರು ಹೇಳಿದಾಗ ಚಪ್ಪಾಳೆ ತಟ್ಟಿದರು. ಬಂದು ಮಾತಾಡಿ.

ಫಳ್ನೀರಿಗೆ ನಾನು ಹೋಗಲಿಲ್ಲ. ಆ ಮನೆಯ ಗೇಟಿನಲ್ಲಿ ನನ್ನ ಅಪ್ಪನ ಹಾಗೆ ನಿಂತು ಕಾಯಲಾರೆ. ನಿಮ್ಮ ಅಕ್ಕ ಚೆನ್ನಾಗಿಯೇ ಇರುತ್ತಾರೆ. ಊರಿಗೆಲ್ಲ ಗೊತ್ತಾದ ಮೇಲೆ ಗಂಡ ಏನು ಮಾಡಿಯಾನು? ಬೆಳಕೇ ಕಾವಲು.

ಈಗ ಬಿಡುವು ಸಿಕ್ಕಿದೆಯಲ್ಲ, ಏನು ಓದುತ್ತಿದ್ದೀರಿ?

ಬೋಜ


ಮಡಿಕೇರಿ
೬ ಜುಲೈ ೧೯೩೧

ಬೋಜ,

ಮೂರು ತಿಂಗಳ ಮೇಲೆ ರೊಸಾಲಿನ್‌ನ ಕಾಗದ ಬಂತು. ನೆರೆಮನೆಯವರ ಕೈಯಲ್ಲಿ, ಔಷಧಿ ಚೀಟಿಯ ಹಿಂದೆ ಬರೆದು ಕಳಿಸಿದ್ದಾಳೆ. ನಿಮಗೆ ಯಾಕೆ ತಿಳಿಸಬೇಕು ಎಂದು ನಾಲ್ಕು ದಿನ ಯೋಚಿಸಿದೆ. ಬೆಳಕೇ ಕಾವಲು ಎಂದು ಬರೆದಿದ್ದೀರಿ, ಅದಕ್ಕೆ ತಿಳಿಸುತ್ತೇನೆ.

ಆ ಭಾನುವಾರ ಭಾವ ಮನೆಗೆ ಬಂದು ಕೋಟು ಕಳಚದೆ ಅಕ್ಕಿ ಪೆಟ್ಟಿಗೆ ಕವಚಿ ಹಾಕಿದರು. ನೋಟುಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ರೊಸಾಲಿನ್‌ನ ಕೈಯಿಂದಲೇ ಒಲೆಗೆ ಹಾಕಿಸಿದರು. ಅಮ್ಮ ಅಡ್ಡ ಬಂದಳು. ‘ನಿಮಗೆ ಅಕ್ಷರ ಬರ್ತದಾ? ಇಲ್ಲವಲ್ಲ? ಸುಮ್ಮನಿರಿ’ ಎಂದರು. ನನ್ನ ಹೆಸರನ್ನು ಆ ಮನೆಯಲ್ಲಿ ಎತ್ತಬಾರದು. ಅದಾಗಿ, ಪೇಟೆಯಲ್ಲಿ ನಕ್ಕವರಿಗೆ ತನ್ನ ಮನೆಯಲ್ಲಿ ಅಂಥದ್ದೇನೂ ನಡೆಯುವುದಿಲ್ಲ ಎಂದು ತೋರಿಸಬೇಕಾಯಿತು. ತೋರಿಸುವ ದಾರಿ ಒಂದೇ.

ರೊಸಾಲಿನ್ ಬರೆದ ಸಾಲನ್ನು ಹಾಗೆಯೇ ಕನ್ನಡಿಸುತ್ತೇನೆ: ‘ಅವರು ಹಲಗೆಗೆ ಉತ್ತರ ಬರೆದರು. ನನ್ನ ಮೈಮೇಲೆ ಬರೆದರು.’

ಅವಳಿಗೆ ಈಗ ಮೂರು ತಿಂಗಳು ತುಂಬಿತು.

ಉರ್ಸುಲಾ


ಮಂಗಳೂರು
೧೫ ಜುಲೈ ೧೯೩೧

ಉರ್ಸುಲಾ,

ರಾಕ್ಷಸ! ನಿಮ್ಮ ಪತ್ರ ಓದಿ ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿದ್ದ ಸಾಲೆಲ್ಲ ನೆಲಕ್ಕೆ ಚೆಲ್ಲಿತು. ಯಜಮಾನರು ಬಯ್ದರು, ಕೇಳಿಸಲಿಲ್ಲ.

ಆದರೆ ನಿಮ್ಮ ಅಕ್ಕನ ಆ ಸಾಲು! ಅವರಲ್ಲಿ ಎಂಥ ಬೆಂಕಿ ಉಂಟು, ನಿಮಗೆ ಗೊತ್ತಿರಲಿಲ್ಲವೇ? ಅವರು ಆ ಮನೆಯಿಂದ ಹೊರಟು ಬರಲಿ. ಮಕ್ಕಳನ್ನು ಕರೆದುಕೊಂಡು ಬರಲಿ. ನಮ್ಮ ಮಾಳಿಗೆಯಲ್ಲಿ ನಿಂತು ಆ ಒಂದು ಸಾಲು ಹೇಳಿದರೆ ಸಾಕು, ಮಂಗಳೂರು ನಡುಗುತ್ತದೆ. ಅದನ್ನು ಹಲಗೆಯ ಮೇಲೆ ಬರೆಯಲು ಅನುಮತಿ ಕೊಡುತ್ತೀರಾ? ಈ ಸಲ ಕೇಳಿಯೇ ಬರೆಯುತ್ತೇನೆ.

ಬೋಜ


ಮಂಗಳೂರು
೪ ಅಕ್ಟೋಬರ್ ೧೯೩೧

ಉರ್ಸುಲಾ,

ಉತ್ತರವಿಲ್ಲ. ಅನುಮತಿಯೂ ಇಲ್ಲ. ನಾನು ಬರೆದಿಲ್ಲ, ನಂಬಿ.

ನಿಮ್ಮ ಹೆಸರಿನ ಮುಂದೆ ಮತ್ತೆ ಖಾಲಿ. ನೂರ್ ಮುಹಮ್ಮದ್ ಬ್ಯಾರಿಗಳು ದಿನಾ ನೋಡಿ, ‘ಆ ಟೀಚರಮ್ಮ ಎಂತ ಓದ್ತಿದ್ದಾಳೋ?’ ಎಂದು ಕೇಳುತ್ತಾರೆ. ಅವರಿಗೇನು ಹೇಳಲಿ?

‘ಕೆಂಪು ಕೊಡೆಯ ಕೊಲೆ’ ಮುಗಿಯಿತು. ಛತ್ರಿ ರಿಪೇರಿಯವನಲ್ಲ. ಎಲ್ಲರಿಗೂ ಸಹಾಯ ಮಾಡುತ್ತ ತಿರುಗುತ್ತಿದ್ದ ಪೋಸ್ಟ್‌ಮಾಸ್ತರ. ನನಗೆ ಸ್ವಲ್ಪವೂ ಅನುಮಾನ ಬಂದಿರಲಿಲ್ಲ.

ಬೋಜ


ಮಂಗಳೂರು
೧೪ ಜನವರಿ ೧೯೩೨

ಉರ್ಸುಲಾ,

ಹೊಸ ವರ್ಷ ಬಂತು. ಊರಲ್ಲಿ ದಿನಕ್ಕಿಬ್ಬರನ್ನು ಹಿಡಿದು ಜೇಲಿಗೆ ಹಾಕುತ್ತಿದ್ದಾರೆ. ನಮ್ಮ ಕರಪತ್ರ ಇವತ್ತೇ ಹೊರಡಬೇಕಿತ್ತು. ಇಡೀ ಬೆಳಿಗ್ಗೆ ಒಂದು ಕಪ್ಪು ಅಂಚಿನ ಕಾರ್ಡಿನಲ್ಲಿ ಹಾಳಾಯಿತು. ನಿಮ್ಮವರದೇ, ಯಾರೋ ಸತ್ತ ಹೆಂಗಸಿನ ತಿಂಗಳ ಪೂಜೆಯದ್ದು. ನಿಮ್ಮವರ ಪ್ರೆಸ್ಸಿನಲ್ಲಿ ಪುರುಸೊತ್ತಿಲ್ಲ ಎಂದು ನಮ್ಮಲ್ಲಿಗೆ ತಂದರು. ಅಂಚು ದಪ್ಪ ಸಾಲದು ಎಂದು ಎರಡು ಸಲ ವಾಪಸು. ನನ್ನ ಬೆರಳು ಜೋಡಿಸುತ್ತಿತ್ತು, ತಲೆ ನಮ್ಮ ಕರಪತ್ರದಲ್ಲಿತ್ತು.

ಕಡೆಗೆ ಪ್ರೂಫ್ ನೋಡಲು ಬಂದದ್ದು ಯಾರು ಗೊತ್ತೇ? ಕಪ್ಪು ಸೀರೆಯ ಒಬ್ಬ ಮುದುಕಿ. ಕಾರ್ಡನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡುತ್ತಾಳೆ! ಅಚ್ಚುಯಂತ್ರದವನು ನಕ್ಕ, ನನಗೂ ತಡೆಯಲಾಗಲಿಲ್ಲ. ‘ಹೆಸರು ಉಂಟಾ ಮಗಾ ಇದರಲ್ಲಿ? ಎಲ್ಲಿ ಉಂಟು, ತೋರಿಸು’ ಎಂದಳು. ನನಗೆ ಅವಸರ. ಎಲ್ಲೋ ಒಂದು ಕಡೆ ಬೆರಳಿಟ್ಟು ‘ಇಲ್ಲಿ’ ಎಂದೆ. ಅವಳು ಆ ಜಾಗಕ್ಕೆ ಮುತ್ತಿಟ್ಟಳು, ಹಸಿ ಶಾಯಿ ತುಟಿಗೆ ಮೆತ್ತಿಕೊಂಡಿತು. ಹಾಗೆಯೇ ಬೀದಿಗೆ ಇಳಿದಳು. ಇಂಥ ಕತ್ತಲೆಯ ವಿರುದ್ಧ ನಾವು ಹೋರಾಡಬೇಕು, ನೋಡಿ.

ಏನು ಓದುತ್ತಿದ್ದೀರಿ? ರೊಸಾಲಿನ್ ಹೇಗಿದ್ದಾರೆ? ಹೆರಿಗೆ ಆಗಿರಬೇಕಲ್ಲ. ಡಾಕ್ಟರರು ಹೇಳಿದ್ದೆಲ್ಲ ಆಗುವುದಿಲ್ಲ. ಹೆಣ್ಣೋ ಗಂಡೋ?

ಬೋಜ


ಮಡಿಕೇರಿ
೨೮ ಜನವರಿ ೧೯೩೨

ಬೋಜ,

ಗಂಡು. ಅಳಲಿಲ್ಲ. ಡಿಸೆಂಬರ್ ಹತ್ತೊಂಬತ್ತರ ಮಧ್ಯಾಹ್ನ ಮಗು ಹೋಯಿತು, ಮೂರು ಗಂಟೆಯ ಮೇಲೆ ರೊಸಾಲಿನ್. ಮೂವತ್ತಮೂರು ವರ್ಷ.

ತಿಂಗಳ ಪೂಜೆಗೆ ನಾನು ಬಂದಿದ್ದೆ. ಇಗರ್ಜಿಯ ಹಿಂದಿನ ಬಾಗಿಲ ಹತ್ತಿರ ನಿಂತೆ. ಭಾವ ನನ್ನನ್ನು ನೋಡಿದರು. ಓಡಿಸಲಿಲ್ಲ. ಅವರ ಕೋಟು ಈಗ ಮೈಯಿಂದ ಜೋಲುತ್ತದೆ. ಹಂಪನಕಟ್ಟೆಯ ಮೇಲಿಂದಲೇ ಬಸ್ಸಿಗೆ ಹೋದೆ. ನಿಮ್ಮ ಹಲಗೆ ಓದಿದೆ. ನಿಮ್ಮ ಹೆಸರಿನ ಮುಂದೆ ‘ಸತ್ಯ ಮತ್ತು ಸಾಹಸ’ ಎಂದಿತ್ತು. ಯಾವ ಪತ್ತೇದಾರಿಯ ಮೇಲಿನ ರಟ್ಟು ಅದು?

ಅಮ್ಮನನ್ನು ಹತ್ತು ನಿಮಿಷ ಕಂಡೆ. ಅವಳ ಹೆಸರು ವೆರೋನಿಕಾ. ನೀವು ಅವಳನ್ನು ಬಲ್ಲಿರಿ. ಅವಳು ಹೇಳಿದಳು: ‘ಕಾರ್ಡು ಮಾಡುವಲ್ಲಿ ನಾನೇ ಹೋದೆ ಮಗಾ. ವಿಲ್ಲಿಗೆ ಕೈಲಾಗುವುದಿಲ್ಲ. ಒಬ್ಬ ಒಳ್ಳೆಯ ಹುಡುಗ ರೊಸಾಲಿನ್‌ನ ಹೆಸರು ಎಲ್ಲಿ ಉಂಟು ಅಂತ ಬೆರಳಿಟ್ಟು ತೋರಿಸಿದ.’ ಅವಳು ಕಾರ್ಡನ್ನು ಎದೆಯಲ್ಲಿ ಇಟ್ಟುಕೊಂಡಿದ್ದಾಳೆ. ದಿನಾ ಬೆಳಿಗ್ಗೆ, ಸಾಯಂಕಾಲ ಆ ಜಾಗಕ್ಕೆ ಮುತ್ತಿಡುತ್ತಾಳೆ. ಅಲ್ಲಿ ಕಾಗದ ಬಿಳುಚಿ ನಾರೆದ್ದಿದೆ.

ತೋರಿಸು ಎಂದೆ. ತೋರಿಸಿದಳು.

ಇನ್ನೊಂದು ಕಾರ್ಡನ್ನು ಈ ಪತ್ರದೊಳಗೆ ಇಟ್ಟಿದ್ದೇನೆ. ನೀವು ಜೋಡಿಸಿದ್ದೇ. ಈಗಲಾದರೂ ಓದಿ. ಹೆಸರು ಮೇಲಿನಿಂದ ಎರಡನೇ ಸಾಲಿನಲ್ಲಿದೆ. ನನ್ನ ಅಮ್ಮ ಮುತ್ತಿಡುವುದು ಕಟ್ಟಕಡೆಯ ಸಾಲಿಗೆ. ಅಲ್ಲಿ ಬರೆದಿದೆ: ಶ್ರೀ ಲೋಕನಾಥ ಪ್ರೆಸ್, ಹಂಪನಕಟ್ಟೆ.

ನಾನು ಅವಳಿಗೆ ಹೇಳಲಿಲ್ಲ.

ಉರ್ಸುಲಾ


ಮಂಗಳೂರು
೪ ಫೆಬ್ರವರಿ ೧೯೩೨

ಉರ್ಸುಲಾ ಬಾಯಿಯವರಿಗೆ,

ಈ ಪತ್ರ ಐದನೇ ಸಲ ಬರೆಯುತ್ತಿದ್ದೇನೆ. ಮೊದಲಿನ ನಾಲ್ಕನ್ನು ಹರಿದೆ.

ಮುದುಕಿಯ, ಕ್ಷಮಿಸಿ, ನಿಮ್ಮ ತಾಯಿಯ ವಿಷಯದಲ್ಲಿ ತಪ್ಪು ನನ್ನದು. ಹೊಸ ಕಾರ್ಡು ಜೋಡಿಸಿ ಕೊಡುತ್ತೇನೆ. ಹೆಸರು ಮಾತ್ರ, ದೊಡ್ಡ ಮೊಳೆಯಲ್ಲಿ.

ಆದರೆ ಉಳಿದದ್ದು? ನಾನು ಬರೆದದ್ದು ಸೀಮೆಸುಣ್ಣದಲ್ಲಿ. ಕೊಂದದ್ದು ಸೀಮೆಸುಣ್ಣವಲ್ಲ. ಹಲಗೆ ನೋಡಿದ ಮೇಲೆ ಈ ಒಂದು ವರ್ಷದಲ್ಲಿ ಹನ್ನೊಂದು ಹೆಂಗಸರು ಯಾರ್ಯಾರದೋ ಮೂಲಕ ಆ ಕರಪತ್ರ ಕೇಳಿ ಕಳಿಸಿದರು. ಮದರಾಸಿನಿಂದ ತರಿಸಿ ಕೊಟ್ಟೆ. ಅದರಲ್ಲಿ ಮೂವರು ನಿಮ್ಮವರು. ಒಬ್ಬಳು ನಮ್ಮ ಕೇರಿಯ ದೇಯಿ, ಏಳು ಹೆತ್ತವಳು. ಅವಳು ಬದುಕಿದ್ದಾಳೆ. ಅವಳ ಎದುರು ನಿಂತು ಆ ಹಲಗೆ ಬರೆಯಬಾರದಿತ್ತು ಎಂದು ನಾನು ಹೇಳಲೇ? ನೀವು ಹೇಳುತ್ತೀರಾ?

ರೊಸಾಲಿನ್ ಅವರ ಬಗ್ಗೆ ಹದಿನಾರು ಪುಟದ ಕರಪತ್ರ ಬರೆಯುತ್ತಿದ್ದೇನೆ. ಹೆಸರು ಮುಖಪುಟದಲ್ಲೇ. ಅವರ ಆ ಸಾಲೂ ಇರುತ್ತದೆ. ಮನೆ ಮನೆಯಲ್ಲಿ ಓದುತ್ತಾರೆ. ಅವರು ವ್ಯರ್ಥವಾಗಿ ಸಾಯಲಿಲ್ಲ ಎಂದಾಗುತ್ತದೆ.

ಒಂದು ಬೇಡಿಕೆ. ನಾನು ನಿಮಗೆ ಬರೆದ ಪತ್ರಗಳನ್ನು ಸುಟ್ಟುಬಿಡಿ. ಮಾರ್ಚಿನದನ್ನು ಮುಖ್ಯವಾಗಿ. ನೀವೇ ಬರೆಯಲು ಹೇಳಿದ್ದು ಎಂದು ಇಲ್ಲಿ ಎಲ್ಲರೂ ನಂಬಿದ್ದಾರೆ. ನೂರ್ ಮುಹಮ್ಮದ್ ಬ್ಯಾರಿಗಳು ಆ ಮಾತಿನ ಮೇಲೆಯೇ ನಮಗೆ ಮಾಳಿಗೆ ಬಿಟ್ಟಿರುವುದು. ಇಲ್ಲವೆಂದು ತಿಳಿದರೆ ವಾಚನಾಲಯ ಮುಚ್ಚುತ್ತದೆ. ಈ ಜನವರಿಯದನ್ನೂ ಸುಡಿ. ಪತ್ರಗಳು ಇಬ್ಬರ ನಡುವಿನವು. ಮೂರನೆಯವರು ಓದುವಂಥವಲ್ಲ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ.

ಬೋಜ


(ಅಂಚೆ ಕಾರ್ಡು)

ಮಡಿಕೇರಿ
೯ ಫೆಬ್ರವರಿ ೧೯೩೨

ವಾಚನಾಲಯದ ಎಲ್ಲ ಓದುಗರಿಗೆ,
ನೂರ್ ಮುಹಮ್ಮದ್ ಅವರ ಸೋಡಾ ಅಂಗಡಿ, ಹಂಪನಕಟ್ಟೆ, ಮಂಗಳೂರು

ಮುಚ್ಚಿಡಲು ಏನೂ ಇಲ್ಲದವರು ಕಾರ್ಡಿನಲ್ಲಿ ಬರೆಯುತ್ತಾರೆ ಎಂದು ನಿಮ್ಮ ಬೋಜ ನನಗೆ ಕಲಿಸಿದರು. ತಡವಾಗಿ ಕಲಿತೆ.

ಶನಿವಾರದ ಬಸ್ಸಿಗೆ ಬರುತ್ತೇನೆ. ಫೆಬ್ರವರಿ ಹದಿನಾಲ್ಕರ ಭಾನುವಾರ, ಇಗರ್ಜಿ ಬಿಟ್ಟ ಮೇಲೆ, ನಿಮ್ಮ ಹಲಗೆಯ ಕೆಳಗೆ ನಿಂತು ಗಟ್ಟಿಯಾಗಿ ಓದುತ್ತೇನೆ. ಒಂದು ಪತ್ತೇದಾರಿ ಪುಸ್ತಕದ ವಿಷಯ ಬರುತ್ತದೆ. ಅದನ್ನು ಬಿಟ್ಟು ಓದುತ್ತೇನೆ, ಮಾತು ಕೊಟ್ಟಿದ್ದೇನೆ. ಉಳಿದ ಒಂದಕ್ಷರವನ್ನೂ ಬಿಡುವುದಿಲ್ಲ. ಅಮ್ಮನನ್ನೂ ಫಳ್ನೀರಿನಿಂದ ಕರೆತರುತ್ತೇನೆ. ಅವಳು ಕುಳಿತುಕೊಳ್ಳಲು ಒಂದು ಬೆಂಚು ಹಾಕಿಸಿ.

ನೂರ್ ಮುಹಮ್ಮದ್ ಅವರೇ, ನನ್ನ ಹೆಸರಿನ ಮುಂದೆ ಈ ವಾರದ್ದನ್ನು ನೀವೇ ಬರೆಯಿಸಿ. ಈ ಸಲ ನನ್ನ ಒಪ್ಪಿಗೆ ಉಂಟು.

ಯಾರು: ಉರ್ಸುಲಾ.
ಏನು: ಬೋಜರ ಪತ್ರಗಳು, ಒಂಬತ್ತು.
ಯಾಕೆ: ನನ್ನ ಅಮ್ಮನಿಗೆ ಓದಲು ಬರುವುದಿಲ್ಲ.